ಸಿಹಿನೀರ ಬಾವಿಯ ಮುನಿಯಲ್ಲಮ್ಮ

ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ, ಎಡಕ್ಕೊಂದು ಬೀದಿ ಇಳಿಯುತ್ತಿತ್ತು. ಕುಂಟೆ ಬೀದಿ ಎಂದು ಅದರ ಹೆಸರು. ಕುಂಟೆ ಯಾವಾಗ ಬತ್ತಿತೋ ಯಾರಿಗೂ ನೆನಪಿರಲಿಲ್ಲ, ಹೆಸರು ಮಾತ್ರ ಬತ್ತದೆ ಉಳಿದಿತ್ತು. ಆ ಬೀದಿಯ ಮೊದಲ ಮನೆ ಮುನಿಯಲ್ಲಮ್ಮನದು. ಬಾಗಿಲ ಮೇಲೆ ಬೋರ್ಡು ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮನೆ ಮುಂದಿನ ಹೊಂಗೆ ಮರದಡಿ ಗಾಡಿಗಳು ನೊಗ ಇಳಿಸಿ ನಿಂತವೆಂದರೆ ಒಳಗೆ ಮುದ್ದೆ ಆಗಿದೆ ಎಂದು ದಾರಿಯವರಿಗೆ ತಿಳಿಯುತ್ತಿತ್ತು.

ಆವನಿ ಕಡೆಯಿಂದ ತರಕಾರಿ ತರುವವರು, ಮಂಡಿಗೆ ಹುಣಸೆಹಣ್ಣು ಹಾಕಿ ಬರುವವರು, ರೇಷ್ಮೆಗೂಡಿನ ಮೂಟೆಯನ್ನು ಬಸ್ಸಿನ ಮೇಲೇರಿಸಲು ಕಾಯುವವರು, ಕಚೇರಿಗಳ ಜವಾನರು, ಎಲ್ಲರೂ ಅವಳ ಪಡಸಾಲೆಯಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಮುದ್ದೆ, ಮಸ್ಸೊಪ್ಪು, ಜೊತೆಗೊಂದು ಈರುಳ್ಳಿ. ಅಷ್ಟೇ ಅಡುಗೆ. ಸೊಪ್ಪು ಮತ್ತು ತೊಗರಿಬೇಳೆ ಒಂದರೊಳಗೊಂದು ಕರಗಿ, ಯಾವುದು ಯಾವುದೆಂದು ತಿಳಿಯದ ಹಾಗೆ ಮಸೆದಿರುತ್ತಿತ್ತು. ಗಂಟಲಿಗೆ ಮುದ್ದೆ ಇಳಿದದ್ದೇ ಗೊತ್ತಾಗುತ್ತಿರಲಿಲ್ಲ. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಎಂಬುದು ಆ ಮನೆಯಲ್ಲಿ ಇರಲಿಲ್ಲ. ತಹಶೀಲ್ದಾರರ ಜೀಪಿನ ಡ್ರೈವರ್ ಒಮ್ಮೆ, "ಸಾಹೇಬ್ರಿಗೆ ಬೇರೆ ಏನಾದ್ರೂ ಸ್ಪೆಷಲ್ ಮಾಡಮ್ಮ" ಎಂದಾಗ ಅವಳು, "ಸಾಹೇಬ್ರಿಗೆ ಹಸಿವೇನು ಬೇರೆ ಥರಾ ಆಗುತ್ತಾ?" ಎಂದು ಕೇಳಿದ್ದಳಂತೆ.

ಅಡುಗೆಗೆ ಬಂದ ಹೆಸರೆಲ್ಲ ತನ್ನ ಕೈಗುಣದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಟೇಕಲ್ಲಿನ ಕಲ್ಲುಕುಟಿಗನ ಮನೆಯಿಂದ ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಅತ್ತೆ ಚಿಕ್ಕಗಂಗಮ್ಮ ಒಲೆಯ ಮೇಲಿಟ್ಟ ಬೇಳೆ ಎರಡು ಕಟ್ಟಿಗೆ ಉರಿಯುವಷ್ಟರಲ್ಲಿ ಹೂವಿನಂತೆ ಅರಳಿದ್ದನ್ನು ನೋಡಿ ಅವಳು ಬೆರಗಾಗಿದ್ದಳು. ತವರಿನಲ್ಲಿ ಬೇಳೆ ಬೇಯಿಸುವುದೆಂದರೆ ಅರ್ಧ ದಿನದ ಜಗಳ. ಅತ್ತೆಗೆ ಏನೋ ಮಂತ್ರ ಗೊತ್ತಿದೆ ಎಂದುಕೊಂಡಳು. ಅತ್ತೆ ನಕ್ಕು, ಸೊಂಟಕ್ಕೊಂದು ಬಿಂದಿಗೆ ಇಡಿಸಿ, ಬೀದಿಯ ಕೊನೆಗೆ ಕರೆದುಕೊಂಡು ಹೋಗಿ ಬಾವಿ ತೋರಿಸಿದ್ದರು.

ಬಾವಿ ಇದ್ದದ್ದು ಬೀದಿಯ ಮಗ್ಗುಲಿಗೇ ಉದ್ದಕ್ಕೆ ಚಾಚಿದ್ದ, ಆವನಿಯ ದೊಡ್ಡವೆಂಕಟಪ್ಪನ ಹೊಲದ ಕೆಳಮೂಲೆಯಲ್ಲಿ. ಅವರಪ್ಪನ ಕಾಲದಿಂದಲೂ ಬೀದಿಯವರು ಅಲ್ಲಿ ಸೇದುತ್ತಿದ್ದರು. ಬೇಡ ಎಂದವರಿಲ್ಲ, ಕೇಳಿದವರೂ ಇಲ್ಲ. ಊರಿನ ಮಿಕ್ಕ ಬಾವಿಗಳ ನೀರು ಗಡಸು. ಛತ್ರದ ಬಾವಿಯ ನೀರಿನಲ್ಲಂತೂ ಸೋಪು ನೊರೆಯಾಗದು, ಬೇಳೆ ಎಷ್ಟು ಕುದಿಸಿದರೂ ಜಲ್ಲಿಯ ಹಾಗೆ ತಳದಲ್ಲಿ ಕೂತಿರುತ್ತದೆ. ಈ ಬಾವಿಯದು ಮಾತ್ರ ಸಿಹಿನೀರು. ಆದರೆ ಊಟೆ ಸಣ್ಣದು, ನೀರು ಮೆಲ್ಲಗೆ ಒಸರುತ್ತಿತ್ತು. ಅದಕ್ಕೇ ಬೀದಿಯವರು ಹಿಂದಿನಿಂದ ಒಂದು ಕಟ್ಟಳೆ ಇಟ್ಟುಕೊಂಡಿದ್ದರು. ಬಿಸಿಲೇರಿದ ಮೇಲೆ, ದನ ಮನೆಗೆ ತಿರುಗುವವರೆಗೆ, ಯಾರೂ ಹಗ್ಗ ಇಳಿಬಿಡುವಂತಿಲ್ಲ. "ಬಾವಿ ಮಲಗೈತೆ" ಎನ್ನುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಅದು ಸದ್ದಿಲ್ಲದೆ ತುಂಬಿಕೊಳ್ಳುತ್ತಿತ್ತು. ಮಟಮಟ ಮಧ್ಯಾಹ್ನ ಅಲ್ಲಿಗೆ ಹೋದರೆ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ. ಪಾರಿವಾಳಗಳಷ್ಟೇ ಕಲ್ಲಿನ ಸಂದಿಯಿಂದ ಬಂದು ಹೋಗಿ ಮಾಡುತ್ತಿದ್ದವು.

ಎಪ್ಪತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಅಂಥದೊಂದು ಮಧ್ಯಾಹ್ನ ಪುರಸಭೆಯ ಓವರ್ಸಿಯರ್ ಕದಿರೇಶ ಆ ಹೊಲಕ್ಕೆ ಬಂದ. ಸಣಕಲು ಮೈಯ, ಮಾತು ಕಡಿಮೆಯ ಮನುಷ್ಯ. ಟೇಪು ಹಿಡಿದು ಹೊಲ ಅಳೆದ. ಆಮೇಲೆ ದಾರಕ್ಕೆ ಕಲ್ಲು ಕಟ್ಟಿ ಬಾವಿಯೊಳಗೆ ಬಿಟ್ಟು, ಮೇಲೆಳೆದು ಅದನ್ನೂ ಅಳೆದ. ವಾರ ಕಳೆದು ಮತ್ತೆ ಅದೇ ಹೊತ್ತಿಗೆ ಬಂದು ಮತ್ತೆ ದಾರ ಬಿಟ್ಟ. ಇದನ್ನೆಲ್ಲ ಹಿತ್ತಲ ಗೋಡೆಯ ಮೇಲಿಂದ ನೋಡಿದವಳು ಭಾರತಮ್ಮ. ಮುನಿಯಲ್ಲಮ್ಮನ ಪಕ್ಕದ ಮನೆಯವಳು, ಅವಳಿಗೆ ಸೊಪ್ಪು ಬಿಡಿಸಿಕೊಡುವವಳು, ಬೀದಿಯ ಸುದ್ದಿಯನ್ನು ಬೀದಿಗೇ ಹಂಚುವವಳು. ಸಂಜೆಯೊಳಗೆ ಪುರಸಭೆ ಬಾವಿಯ ಹೊಲವನ್ನು ಕೊಂಡುಕೊಳ್ಳುತ್ತಿದೆ ಎಂಬ ಮಾತು ಪ್ರತಿ ಜಗಲಿಯನ್ನೂ ಮುಟ್ಟಿತು.

ಮುನಿಯಲ್ಲಮ್ಮನ ಗಂಡ ಮುನಿಶಾಮಿ ಗಾಡಿ ಹೊಡೆಯುವವನು. ಆವನಿಗೆ ಬಾಡಿಗೆ ಹೋದಾಗ ದೊಡ್ಡವೆಂಕಟಪ್ಪನನ್ನೇ ಕೇಳಿಬಂದ.

"ನಿಜವಂತೆ ಕಣೇ. ಕೇಳವ್ರಂತೆ. ಅವನಿನ್ನೂ ಹೂಂ ಅಂದಿಲ್ಲ, ಊಹೂಂನೂ ಅಂದಿಲ್ಲ. ಮಂಡಿ ನೋವು, ಇಷ್ಟು ದೂರ ಬಂದು ಉಳೋಕಾಗಲ್ಲ ಅಂತಾನೆ."

"ಯಾತಕ್ಕಂತೆ ಹೊಲ?"

"ಸಾರ್ವಜನಿಕ ಉಪಯೋಗಕ್ಕಂತೆ."

"ಅಂದ್ರೆ?"

"ನಾನೂ ಅದೇ ಕೇಳ್ದೆ. 'ಅಂದ್ರೆ ಏಮೋ ನಾಕ್ಕೂಡಾ ತೆಲೀದು' ಅಂದ."

ಆವನಿಯ ದೊಡ್ಡವೆಂಕಟಪ್ಪನಿಗೇ ಗೊತ್ತಿಲ್ಲದ್ದು ಕುಂಟೆ ಬೀದಿಯ ಭಾರತಮ್ಮನಿಗೆ ಗೊತ್ತಿತ್ತು. "ಗೊತ್ತಾಗೋಕೇನು? ಬಾವಿ ಅಳೆದದ್ದು ಯಾತಕ್ಕೆ? ನೀರು ನೋಡೋಕೆ ತಾನೆ? ಆ ಕಡೆ ಹೊಸ ಬಡಾವಣೇಲಿ ಆಫೀಸರ್‌ಗಳ ಮನೆ ಎದ್ದವಲ್ಲಾ, ಅಲ್ಲಿಗೆ ಪೈಪು ಎಳೀತಾರೆ. ಮೋಟರ್ ಇಟ್ಟು, ಸುತ್ತ ಬೇಲಿ ಹಾಕಿ, ಬೀಗ ಜಡೀತಾರೆ. ನಾವು ಬಿಂದಿಗೆ ಹಿಡ್ಕೊಂಡು ಬೇಲಿ ಆಚೆ ನಿಂತು ಮೋಟರ್ ಸದ್ದು ಕೇಳ್ಬೇಕು!"

ಬೀದಿ ಅದನ್ನೇ ನಂಬಿತು. ಮುನಿಯಲ್ಲಮ್ಮ ಒಳಗೆ ಹೋಗಿ ನೀರಿನ ಹಂಡೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. ಬಾವಿ ಹೋದರೆ ಉಳಿದವರಿಗೆ ಕುಡಿಯುವ ನೀರು ಹೋಗುತ್ತದೆ, ತನಗೆ ನೀರಿನ ಜೊತೆಗೆ ಅಡುಗೆಯೂ ಹೋಗುತ್ತದೆ. ಛತ್ರದ ಬಾವಿಯ ನೀರಿನಲ್ಲಿ ಮಾಡಿದ ಮಸ್ಸೊಪ್ಪಿಗೆ ಹೊಂಗೆ ಮರದಡಿ ಯಾವ ಗಾಡಿ ನೊಗ ಇಳಿಸೀತು?

ಯೋಚನೆಯೂ ಭಾರತಮ್ಮನದೇ. ಮುಂದಿನ ಬುಧವಾರ ಓವರ್ಸಿಯರ್ ಕೊನೆಯ ಸಲ ಸ್ಥಳ ನೋಡಲು ಬರುತ್ತಾನೆಂದು ಪುರಸಭೆಯ ಜವಾನ ಊಟಕ್ಕೆ ಬಂದಾಗ ಹೇಳಿಹೋಗಿದ್ದ. ಸಾಹೇಬರ ಊಟ ಇಲ್ಲೇ ಎಂದೂ ತಿಳಿಸಿದ್ದ.

"ನೋಡ್ರೇ, ಬೆಳಿಗ್ಗೆ ನೀರು ಹಿಡ್ದಾದ ಮೇಲೆ ರಾಟೆ ಬಿಚ್ಚಿ ಬಚ್ಚಿಡೋಣ. ಕಟ್ಟೆ ಮೇಲೆ ಜಾಲಿ ಮುಳ್ಳು ಎಳೆಯೋಣ. ಹಗ್ಗ ಉಜ್ಜಿದ ಕಲ್ಲಿಗೆ ಮಣ್ಣು ಬಳಿಯೋಣ. ಯಾರೂ ಸೇದದ ಪಾಳುಬಾವಿ ಅನ್ನಂಗೆ ಇರ್ಬೇಕು."

"ಆಮೇಲೆ ನೀರು ಕುಡಿದು ನೋಡಿದ್ರೆ?" ಎಂದಳೊಬ್ಬಳು.

"ಅದಕ್ಕೇ ಇವಳಿದಾಳಲ್ಲಾ!" ಭಾರತಮ್ಮ ಮುನಿಯಲ್ಲಮ್ಮನ ಭುಜ ತಟ್ಟಿದಳು. "ಛತ್ರದ ಬಾವಿ ನೀರಲ್ಲಿ ಬೇಳೆ ಹಾಕಿ ಸಾಹೇಬ್ರಿಗೆ ಬಡಿಸ್ಬೇಕು. ಇವತ್ತು ನೀರು ಸಾಲ್ದೆ ಈ ಬಾವೀದು ತಂದೆ ಅನ್ಬೇಕು. ಒಂದೊಂದು ಬೇಳೆ ಹಲ್ಲಿಗೆ ಸಿಕ್ದಾಗ ಅಯ್ಯನಿಗೆ ತಿಳಿಯುತ್ತೆ. ಬೇಳೆ ಬೇಯದ ನೀರನ್ನ ಯಾರು ಕೊಂಡ್ಕೋತಾರೆ?"

ಎಲ್ಲರೂ ನಕ್ಕರು. ಇಷ್ಟು ಸುಲಭವಿತ್ತೇ ಎಂಬ ಹಾಗೆ ಮುಖಗಳು ತಿಳಿಯಾದವು. ಮುನಿಶಾಮಿ ಮಾತ್ರ ಬೀಡಿ ಕಚ್ಚಿಕೊಂಡು, "ಹೆಂಗಸರೆಲ್ಲಾ ಸೇರಿ ಒಬ್ಬನ ಹಲ್ಲು ಮುರಿಯೋ ಪ್ಲಾನು ಹಾಕವ್ರೆ" ಎಂದ.

"ನೀನು ಸುಮ್ನಿರಣ್ಣ, ನಿಂಗೆ ಹಲ್ಲೂ ಇಲ್ಲ ಪ್ಲಾನೂ ಇಲ್ಲ."

ಬುಧವಾರ ಮುನಿಯಲ್ಲಮ್ಮ ಎರಡು ಒಲೆ ಹೂಡಿದಳು. ದಿನದ ಗಿರಾಕಿಗಳಿಗೆ ಎಂದಿನ ಮಡಕೆ. ಅದರ ಪಕ್ಕ ಓವರ್ಸಿಯರನಿಗೆಂದು ಒಂದು ಸಣ್ಣ ಮಡಕೆ. ಅದರಲ್ಲಿ ಛತ್ರದ ಬಾವಿಯ ನೀರು. ದೊಡ್ಡ ಮಡಕೆಯ ಬೇಳೆ ಒಡೆದು, ಸೊಪ್ಪು ಬಿದ್ದು, ಒಗ್ಗರಣೆಯ ಬೆಳ್ಳುಳ್ಳಿಯ ವಾಸನೆ ಬೀದಿಗೆ ಹೋದರೂ ಸಣ್ಣ ಮಡಕೆಯಲ್ಲಿ ಬೇಳೆ ಹಳದಿ ಕಲ್ಲಿನಂತೆ ಕುಣಿಯುತ್ತಲೇ ಇತ್ತು. ಕೈ ತಾನಾಗಿಯೇ ಹರಳೆಣ್ಣೆ ಬಾಟಲಿಯ ಕಡೆ ಹೋಯಿತು. ಒಂದು ತೊಟ್ಟು ಬಿಟ್ಟರೆ ಕೊಂಚ ಮೆದುವಾದೀತು. ಅವಳು ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಳು. ಬೇಯದೆ ಇರಲಿ ಎಂದು ಒಲೆಯ ಮುಂದೆ ಕುಳಿತದ್ದು ಅವಳಿಗೆ ಇದೇ ಮೊದಲು.

ಕದಿರೇಶ ಬಿಸಿಲಲ್ಲಿ ಹೊಲ ಸುತ್ತಿ, ಮುಳ್ಳು ಎಳೆದ ಬಾವಿಯನ್ನು ನೋಡಿ, ಬೆವರೊರೆಸಿಕೊಂಡು ಬಂದ. ಗಾಡಿಯವರ ಸಾಲಿನಲ್ಲಿ ಅವನಿಗೂ ಎಲೆ ಹಾಕಿತ್ತು. ಅವಳು ಮುದ್ದೆ ಇಟ್ಟಳು. ಪಕ್ಕದವನಿಗೆ ದೊಡ್ಡ ಮಡಕೆಯಿಂದ, ಇವನಿಗೆ ಸಣ್ಣದರಿಂದ ಬಡಿಸಿದಳು. ಮುಖ ನೋಡಲಿಲ್ಲ.

ಅವನು ಮೊದಲ ತುತ್ತು ನುಂಗಿದ. ಎರಡನೆಯದಕ್ಕೆ ದವಡೆ ನಿಧಾನವಾಯಿತು. ಹಲ್ಲಿನಡಿ ಬೇಳೆ ಕಟಕ್ ಎಂದದ್ದು ಅವಳಿಗೂ ಕೇಳಿಸಿತು. ಬೈಯಬಹುದು, ಎಲೆ ತಳ್ಳಬಹುದು ಎಂದು ಅವಳು ಕಾದಳು. ಅವನು ಬೇಳೆಯನ್ನು ನಾಲಗೆಯಿಂದ ಪಕ್ಕಕ್ಕೆ ಸರಿಸಿಕೊಂಡು, ಮರ್ಯಾದೆಯಿಂದ ಉಣ್ಣತೊಡಗಿದ. ಅದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಗಿತ್ತು. ಕಿಟಕಿಯಾಚೆ ಭಾರತಮ್ಮನ ಸೆರಗಿನ ಅಂಚು ಕಂಡಿತು.

"ಬೇಳೆ ಸರಿಯಾಗಿ ಬೆಂದಿಲ್ಲ ಸ್ವಾಮಿ," ಎಂದಳು, ಹೇಳಿಕೊಟ್ಟಿದ್ದನ್ನು ಒಪ್ಪಿಸುವವಳ ಹಾಗೆ. "ಇವತ್ತು ನೀರು ಸಾಲ್ದೆ ಆ ಬಾವೀದು ತಂದೆ. ಆ ನೀರೇ ಹಿಂಗೆ, ಅದಕ್ಕೇ ಯಾರೂ ಸೇದಲ್ಲ."

"ಇರ್ಲಿ ಬಿಡಿ ಅಮ್ಮಾ, ನಿಮ್ಮ ತಪ್ಪೇನಿದೆ," ಎಂದ ಅವನು. ಮುಖದಲ್ಲಿ ಸಮಾಧಾನವಿತ್ತು. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ನಂಗೂ ಒಂದು ಅನುಮಾನ ಇತ್ತು, ಯಾರಾದ್ರೂ ಈ ನೀರು ಕುಡೀತಿರಬಹುದೇನೋ ಅಂತ. ಎರಡು ಸಲ ಬಂದಾಗ್ಲೂ ಒಬ್ಬರೂ ಕಾಣ್ಲಿಲ್ಲ. ಇವತ್ತು ನೋಡಿದ್ರೆ ಆವತ್ತಿದ್ದ ರಾಟೆನೂ ಬಿಚ್ಚಿದಾರೆ, ಮುಳ್ಳು ಬೇರೆ. ಬಾವಿ ಮುಚ್ಚಿದ್ರೆ ಯಾರಿಗೂ ತೊಂದ್ರೆ ಇಲ್ಲ ಅಂತ ಬರೆದುಬಿಡ್ತೀನಿ."

"ಮುಚ್ಚೋದಾ?"

"ಹೂಂ. ಸಂತೆ ಮೈದಾನಕ್ಕೆ ತಾನೆ ಈ ಜಾಗ ಕೇಳಿರೋದು. ಈಗ ಸಂತೆ ಮದರಾಸು ರಸ್ತೆ ಮೇಲೇ ಸೇರುತ್ತಲ್ಲ, ಲಾರಿ ಕೆಳಗೆ ಜನ ಸಿಕ್ಕೋದು ಬಾಕಿ. ಸಂತೇಲಿ ಬಾಯಿ ತೆರೆದ ಬಾವಿ ಇಟ್ಕೊಂಡು ಏನ್ಮಾಡೋದು? ಎಷ್ಟು ಗಾಡಿ ಮಣ್ಣು ಬೇಕು ಅಂತ ಆವತ್ತೇ ಆಳ ಅಳೆದೆ."

ಮುನಿಯಲ್ಲಮ್ಮನ ಕೈಯ ಸೌಟು ಹಾಗೇ ನಿಂತಿತು. ನೀರು ಕೊಂಡೊಯ್ಯುತ್ತಾರೆ ಎಂದಲ್ಲವೇ ತಾವು ಹೆದರಿದ್ದು? ಇವರಿಗೆ ನೀರೇ ಬೇಕಿಲ್ಲ. ನೀರು ಕೆಟ್ಟದ್ದು ಎಂದು ತೋರಿಸಿ ತೋರಿಸಿ, ಬಾವಿಗೆ ಮಣ್ಣು ತಾವೇ ತೋಡಿಕೊಟ್ಟ ಹಾಗಾಯಿತು. ಕಿಟಕಿಯಾಚೆಯಿಂದ ಭಾರತಮ್ಮ ಕೈಸನ್ನೆ ಮಾಡುತ್ತಿದ್ದಳು, ಕೆಲಸ ಆಯಿತು, ಇನ್ನೊಂದು ಸೌಟು ಹಾಕು ಎಂದು. ಪಡಸಾಲೆಯ ಮಾತು ಅಷ್ಟು ದೂರಕ್ಕೆ ಕೇಳಿಸಿರಲಿಲ್ಲ.

ಅವಳು ಒಳಗೆ ಹೋದಳು. ದೊಡ್ಡ ಮಡಕೆಯನ್ನೇ ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಕದಿರೇಶನ ಎಲೆಯ ಮುಂದಿಟ್ಟಳು. ಅವನ ಹಳೆಯ ಎಲೆ ಎತ್ತಿ ಹೊಸ ಎಲೆ ಹಾಕಿ, ಹೊಸ ಮುದ್ದೆ ಇಟ್ಟು, ಅದರ ಸುತ್ತ ಮಸ್ಸೊಪ್ಪು ಸುರಿದಳು.

"ಇದನ್ನ ಉಣ್ಣಿ ಸ್ವಾಮಿ. ಆ ಹೊಲದ ಬಾವಿ ನೀರು ಇದು. ಆಗ ನಾನು ಹಾಕಿದ್ದು ಛತ್ರದ ಬಾವೀದು. ಸುಳ್ಳು ಹೇಳ್ದೆ."

ಗಾಡಿಯವರ ಸಾಲು ಪೂರ್ತಿ ಉಣ್ಣುವುದನ್ನು ಬಿಟ್ಟಿತು. ದೊಡ್ಡ ಮಡಕೆ ಹೊರಬಂದದ್ದನ್ನು ಕಿಟಕಿಯಿಂದ ಕಂಡ ಭಾರತಮ್ಮ ಹಿತ್ತಲ ಬಾಗಿಲನ್ನು ಧಡಾರನೆ ತೆರೆದು ನುಗ್ಗಿಬಂದಳು. "ಏನೇ ಮಾಡ್ದೆ? ಹುಚ್ಚು ಹಿಡೀತೇನೇ ನಿಂಗೆ? ಬೀದಿಗೆ ಬೀದಿನೇ ಮುಳುಗಿಸ್ಬಿಟ್ಯಲ್ಲೇ!"

"ಮುಳುಗಿಸೋಕೆ ಬಾವಿನೇ ಇರ್ತಿರ್ಲಿಲ್ಲ ಕಣೇ. ಮುಚ್ತಾರಂತೆ. ಸಂತೆಗಂತೆ. ನೀರು ಬೇಡವಂತೆ ಅವರಿಗೆ."

ಮುನಿಶಾಮಿ ಗೋಡೆಗೆ ಒರಗಿ, "ರಾಟೆ ಎಲ್ಲಿಟ್ಟೆ ಭಾರತಕ್ಕಾ? ಹೋಗಿ ಈಗಲಾದ್ರೂ ತಗೊಂಡ್ಬಾ" ಎಂದ.

ಕದಿರೇಶ ಒಬ್ಬರಾದ ಮೇಲೊಬ್ಬರ ಮುಖ ನೋಡಿದ. ಆಮೇಲೆ ಹೊಸ ಮುದ್ದೆಯ ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟುಕೊಂಡ. ಕಣ್ಣು ಮುಚ್ಚಿ ನುಂಗಿದ. ಆಮೇಲೆ ನಕ್ಕ. ಮಾತು ಕಡಿಮೆಯವನ ನಗು ಅಷ್ಟು ದೊಡ್ಡದಿರುತ್ತದೆಂದು ಯಾರೂ ಎಣಿಸಿರಲಿಲ್ಲ. ಪಡಸಾಲೆಯೇ ಅವನ ಜೊತೆ ನಕ್ಕಿತು. ನಗದೆ ಇದ್ದವಳು ಮುನಿಯಲ್ಲಮ್ಮ ಒಬ್ಬಳೇ.

"ಮುಚ್ಬೇಡಿ ಸ್ವಾಮಿ," ಎಂದಳು. "ಇದನ್ನ ನಂಬ್ಕೊಂಡು ಈ ಬೀದಿ ಐತೆ."

"ಅದು ನನ್ನೊಬ್ಬನ ಕೈಲಿಲ್ಲ ಅಮ್ಮಾ. ಅಧ್ಯಕ್ಷರಿದಾರೆ, ಮೆಂಬರುಗಳಿದಾರೆ. ಯಾರೂ ಸೇದದ ಬಾವಿ ಅಂತ ಆಗ್ಲೇ ಅವ್ರಿಗೆ ಹೇಳ್ಬಿಟ್ಟಿದೀನಿ. ಈಗ ನಾನು ಬೇರೆ ಮಾತಾಡಿದ್ರೆ ನಂಬ್ತಾರೋ ಇಲ್ವೋ."

"ನಿಮ್ಮ ಮಾತು ಬೇಡ ಬಿಡಿ. ಅವರನ್ನೇ ಕರ್ಕೊಂಡ್ಬನ್ನಿ. ಮಧ್ಯಾಹ್ನ ಮಾತ್ರ ಬರ್ಬೇಡಿ, ಆ ಹೊತ್ತಿಗೆ ಬಾವಿ ಮಲಗಿರುತ್ತೆ, ನಾವು ಮುಟ್ಟಲ್ಲ. ಬೆಳಿಗ್ಗೆ ಬನ್ನಿ, ಸೂರ್ಯ ಏಳೋ ಹೊತ್ತಿಗೆ."

"ಮಲಗಿರುತ್ತಾ?" ಎಂದು ಅವನು ಕೇಳಿದ. ಅವಳು ಹೇಳಿದಳು. ಅವನು ಕೇಳಿಸಿಕೊಳ್ಳುತ್ತ ಉಂಡ. ಎಲೆ ಎತ್ತುವಾಗ, "ಎರಡು ಸಲಾನೂ ಅದೇ ಹೊತ್ತಿಗೆ ಬಂದಿದ್ದೆನಲ್ಲಾ" ಎಂದು ತನಗೆ ತಾನೇ ಹೇಳಿಕೊಂಡ.

ಅವರು ಬರುವವರೆಗಿನ ದಿನಗಳು ನೆಟ್ಟಗೆ ಸಾಗಲಿಲ್ಲ. ಕೆಲವರು ಮುನಿಯಲ್ಲಮ್ಮ ಬಾಯಿ ಬಿಡದೆ ಇದ್ದರೆ ಬೇರೇನಾದರೂ ದಾರಿ ಸಿಗುತ್ತಿತ್ತು ಎಂದರು. ಅವಳು ಜಾಲಿ ಮುಳ್ಳನ್ನು ತಾನೇ ಕೋಲಿನಿಂದ ಎಳೆದು ಹಾಕಿದಳು. ಕಟ್ಟೆಯ ಕಲ್ಲಿಗೆ ಬಳಿದ ಮಣ್ಣನ್ನು ತೆಂಗಿನ ನಾರಿನಿಂದ ಉಜ್ಜಿದಳು. ಹಗ್ಗ ಸವೆಸಿದ ಗೀರುಗಳು ಒಂದೊಂದಾಗಿ ಮತ್ತೆ ಕಂಡವು. ಕೆಲವು ಎಷ್ಟು ಆಳವಿದ್ದವೆಂದರೆ ಬೆರಳು ಒಳಗೆ ಹೋಗುತ್ತಿತ್ತು. ಯಾವುದರಲ್ಲಿ ಅತ್ತೆಯ ಹಗ್ಗ ಓಡಿತ್ತೋ, ಯಾವುದರಲ್ಲಿ ಅವರ ಅತ್ತೆಯದೋ. ಅವಳು ಪ್ರತಿಯೊಂದನ್ನೂ ನೀರು ಹಾಕಿ ತೊಳೆದಳು.

ಅವರು ಬಂದದ್ದು ಸೋಮವಾರ ಬೆಳಿಗ್ಗೆ. ಕದಿರೇಶ, ಅಧ್ಯಕ್ಷರು, ಜೊತೆಗಿಬ್ಬರು ಮೆಂಬರುಗಳು. ಇಬ್ಬನಿ ಇನ್ನೂ ಹುಲ್ಲಿನ ಮೇಲಿತ್ತು. ಅವರಿಗೆ ತೋರಿಸಬೇಕೆಂದು ಬೀದಿ ಏನನ್ನೂ ಮಾಡಿರಲಿಲ್ಲ. ಬೆಳಗಿನ ನೀರು ಹಿಡಿಯುವ ಹೊತ್ತು, ಅಷ್ಟೇ. ತಾಮ್ರದ ಬಿಂದಿಗೆ, ಹಿತ್ತಾಳೆ ಕೊಡ, ಮಣ್ಣಿನ ಗಡಿಗೆ ಕಟ್ಟೆಯಿಂದ ಹೊಲದ ಬದುವಿನವರೆಗೆ ಸಾಲಾಗಿ ಕೂತಿದ್ದವು. ರಾಟೆ ಕಿರುಗುಟ್ಟುತ್ತಿತ್ತು. ಯಾರೋ ಯಾರನ್ನೋ, "ಲೇ, ನಿನ್ನ ಕೊಡ ಹಿಂದೆ ಇತ್ತು, ಮುಂದೆ ಹೆಂಗ್ಬಂತು? ಕಾಲು ಬಂತಾ ಅದಕ್ಕೆ?" ಎಂದು ದಬಾಯಿಸುತ್ತಿದ್ದರು. ಅಧ್ಯಕ್ಷರು ಬದುವಿನ ಮೇಲೆ ನಿಂತು ನೋಡಿದರು. ಮುನಿಯಲ್ಲಮ್ಮ ಆಗಷ್ಟೇ ಸೇದಿದ ಬಿಂದಿಗೆಯಿಂದ ಚೊಂಬಿಗೆ ಬಗ್ಗಿಸಿ ಕೊಟ್ಟಳು. ಅವರು ಎತ್ತಿ ಕುಡಿದರು. ಮುಗಿಸಿ, ಮತ್ತೊಂದು ಚೊಂಬಿಗೆ ಕೈ ಚಾಚಿದರು. ಹೋಗುವಾಗ ಕದಿರೇಶನಿಗೆ ಹೇಳಿದ್ದು ಇಷ್ಟೇ: "ಪಾಳುಬಾವಿ ಅಂದ್ಯಲ್ಲಯ್ಯಾ?"

ಕದಿರೇಶ ತಲೆ ತಗ್ಗಿಸಿದ. ಬೀದಿಯವರು ಹೂಡಿದ ನಾಟಕದ ಮಾತನ್ನು ಅವನು ಎತ್ತಲಿಲ್ಲ.

ಆಮೇಲೂ ಕೆಲವು ದಿನ ಸುದ್ದಿ ಇರಲಿಲ್ಲ. ಮಳೆ ಬೀಳುವ ಮೊದಲು ಒಂದು ಬೆಳಿಗ್ಗೆ ಗಡಿಕಲ್ಲು ಹೇರಿದ ಗಾಡಿ ಬಂತು. ಅದರ ಹಿಂದೆ ಊರುಗೋಲು ಹಿಡಿದು ದೊಡ್ಡವೆಂಕಟಪ್ಪ ನಿಧಾನವಾಗಿ ನಡೆದು ಬಂದ. ಬೀದಿಯ ಹೆಂಗಸರೆಲ್ಲ ಹೊಸ್ತಿಲಿಗೆ ಬಂದರು, ಯಾರೂ ಕೆಳಗಿಳಿಯಲಿಲ್ಲ. ಕಲ್ಲು ಎಲ್ಲಿ ಇಳಿಯುತ್ತದೋ ಎಂದು ಮುನಿಯಲ್ಲಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಗಾಡಿ ಬಾವಿಯ ಹತ್ತಿರ ನಿಲ್ಲಲಿಲ್ಲ. ಹೊಲದ ಮೇಲಿನ ಅರ್ಧಕ್ಕೆ ಹೋಗಿ, ಅಲ್ಲಿದ್ದ ಬಂಡೆಯೊಂದರ ಪಕ್ಕ ಮೊದಲ ಕಲ್ಲು ಇಳಿಸಿತು. ಎರಡನೆಯದು ರಸ್ತೆಯ ಅಂಚಿಗೆ. ಹೊಲದ ನಡುವೆ ಅಡ್ಡಲಾಗಿ ಮಿಕ್ಕವು. ಬಾವಿಯ ಮೂಲೆ ಪೂರ್ತಿ ಹೊರಗುಳಿಯಿತು. ದೊಡ್ಡವೆಂಕಟಪ್ಪ ಊರುಗೋಲಿನಿಂದ ಗೆರೆ ಎಳೆದು, "ಇಕ್ಕಡೇ ಪೆಟ್ಟಪ್ಪಾ, ಇಲ್ಲೇ ಇಡು, ಇನ್ನೂ ಮೇಲಕ್ಕೆ, ಬಾವಿ ಹತ್ರ ಬರ್ಬೇಡ" ಎಂದು ಕೂಗುತ್ತಿದ್ದುದು ಕೇಳಿಸಿತು. ಆಮೇಲೆ ಅವನು ಬಂದು ಮುನಿಯಲ್ಲಮ್ಮನ ಜಗಲಿಯ ಮೇಲೆ ಕುಳಿತು ಮಂಡಿ ಒತ್ತಿಕೊಂಡ.

"ಅವರು ಇಡೀ ಹೊಲ ಕೇಳಿದ್ರಮ್ಮಾ. ಬಾವಿ ಬಿಟ್ಟು ಮಿಕ್ಕಿದ್ದು ಕೊಡ್ತೀನಿ ಅನ್ಬಹುದು ಅಂತ ನಂಗೇ ಗೊತ್ತಿರ್ಲಿಲ್ಲ. ಅಂದೆ, ಒಪ್ಕೊಂಡ್ರು. ಈ ಬೀದೀಲಿ ಬರೋಕೆ ಮುಖ ಇಲ್ದೆ ಆ ಕಡೆ ಸುತ್ಕೊಂಡು ಹೋಗ್ತಿದ್ದೆ."

"ಈಗ ಬಂದ್ಯಲ್ಲಪ್ಪಾ. ಕೂತ್ಕೋ, ಉಂಡ್ಕೊಂಡು ಹೋಗು."

ಪಕ್ಕದ ಮನೆಯ ಮುಂದೆ ಭಾರತಮ್ಮ ನೆಲದ ಮೇಲೇ ಕೂತುಬಿಟ್ಟಿದ್ದಳು. ಬೀದಿಗೆಲ್ಲ ಬಾಯಾಗಿದ್ದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಮುನಿಯಲ್ಲಮ್ಮನಿಗೆ ಸಮಾಧಾನ ಹೇಳಿ ಅಭ್ಯಾಸವಿರಲಿಲ್ಲ. ಹತ್ತಿರ ಹೋಗಿ ನಿಂತು, ಅವಳ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟು, ಆಮೇಲೆ ಗದರಿದಳು.

"ಏಳೇ, ಸಾಕು. ವಾರಕ್ಕೊಂದು ಸಂತೆ ಇಲ್ಲೇ ಬರುತ್ತೆ. ಅಷ್ಟು ಜನಕ್ಕೆ ಸೊಪ್ಪು ಬಿಡಿಸೋಳು ನಾನೊಬ್ಳೇನಾ?"

"ನಿನ್ನ ಒಲೆ ಮುಂದೆ ಹೊಗೆ ಕುಡ್ಯೋಕೆ ನಂಗೇನು ಬೇರೆ ಕೆಲ್ಸ ಇಲ್ವಾ?" ಎಂದಳು ಭಾರತಮ್ಮ ಮೂಗೊರೆಸಿಕೊಂಡು. ಅಂದರೂ ಎದ್ದಳು. ಇಬ್ಬರೂ ಒಳಗೆ ಹೋಗಿ ದಂಟಿನ ಸೊಪ್ಪಿನ ಕಟ್ಟು ಬಿಚ್ಚಿ ಎದುರುಬದುರು ಕುಳಿತರು. ಹೊರಗೆ ಜಗಲಿಯ ಮೇಲೆ ದೊಡ್ಡವೆಂಕಟಪ್ಪ ಯಾರಿಗೋ ಮಳೆಯ ಮಾತು ಹೇಳುತ್ತಿದ್ದ.